ಫೈಬರ್ ಎಲ್ಲಿ ಕೈಕೊಟ್ಟಿದೆ? ಕೆಂಪು ಲೇಸರ್ ಪೆನ್ ಹಿಡಿದು ಹುಡುಕುವ ಕ್ರಮ

ಮೋಡೆಮ್ ಮೇಲೆ ಎಲ್‌ಒಎಸ್ ಎಂಬ, ಸಿಗ್ನಲ್ ಸಿಗುತ್ತಿಲ್ಲ ಎಂದು ಸೂಚಿಸುವ ದೀಪ ಕೆಂಪಗೆ ಮಿಣುಕುತ್ತಿದೆ. ಬೆಳಕಿನ ಶಕ್ತಿ ಅಳೆಯುವ ಪವರ್ ಮೀಟರ್ ಹಚ್ಚಿದರೆ ರೀಡಿಂಗೇ ಬರುತ್ತಿಲ್ಲ. ಇದರಿಂದ ಬೆಳಕು ತಲುಪುತ್ತಿಲ್ಲ ಎನ್ನುವುದು ಗೊತ್ತಾಯಿತೇ ಹೊರತು ಎಲ್ಲಿ ನಿಂತಿದೆ ಎನ್ನುವುದು ಗೊತ್ತಾಗಲಿಲ್ಲ. ಒಟಿಡಿಆರ್ (ಬೆಳಕಿನ ಮಿಡಿತ ಕಳುಹಿಸಿ, ವಾಪಸ್ ಬರುವ ಬೆಳಕಿನಿಂದ ದೋಷದ ದೂರ ಅಳೆಯುವ ಉಪಕರಣ) ಇದ್ದರೆ ದೂರವನ್ನು ಹೇಳುತ್ತದೆ, ನಿಜ. ಆದರೆ ಒಂದೇ ಬಾಕ್ಸಿನೊಳಗೆ ಎರಡು ಮೀಟರ್ ಅಂತರದಲ್ಲಿ ಮೂರು ಜಾಯಿಂಟ್‌ಗಳಿದ್ದರೆ ಅದರ ಡೆಡ್ ಝೋನ್‌ನಲ್ಲಿ, ಅಂದರೆ ಹತ್ತಿರದ ಜಾಗಗಳನ್ನು ಬೇರ್ಪಡಿಸಿ ತೋರಿಸಲಾಗದ ಅಂತರದಲ್ಲಿ, ಮೂರೂ ಸೇರಿ ಒಂದೇ ಗೆರೆಯಾಗಿಬಿಡುತ್ತವೆ. ಅಂಥ ಜಾಗದಲ್ಲಿ ಕೆಲಸಕ್ಕೆ ಬರುವುದು ವಿಎಫ್‌ಎಲ್ (ವಿಶುಯಲ್ ಫಾಲ್ಟ್ ಲೊಕೇಟರ್), ಅಂದರೆ ಎಲ್ಲರೂ ಲೇಸರ್ ಪೆನ್ ಎಂದು ಕರೆಯುವ ಕೈಯಳತೆಯ ಉಪಕರಣ. ಒಂದು ತುದಿಯಿಂದ ಕಣ್ಣಿಗೆ ಕಾಣುವ ಕೆಂಪು ಬೆಳಕು ಬಿಟ್ಟರೆ, ಫೈಬರ್ ಮುರಿದ, ಚಿವುಟಿದ ಅಥವಾ ಅತಿಯಾಗಿ ಬಾಗಿದ ಜಾಗದಲ್ಲಿ ಆ ಬೆಳಕು ಹೊರಗೆ ಸೋರಿ ತಾನೇ ಜಾಗ ತೋರಿಸುತ್ತದೆ.

ಈ ಪೆನ್ 'ಎಲ್ಲಿ' ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ, 'ಎಷ್ಟು' ಎಂಬುದಕ್ಕಲ್ಲ. ಆಚೆ ತುದಿಯಲ್ಲಿ ಕೆಂಪು ಬೆಳಕು ಕಂಡಿತು ಎಂದಾಕ್ಷಣ ಲೈನ್ ಸರಿಯಿದೆ ಎಂದು ಬಾಕ್ಸ್ ಮುಚ್ಚಬಾರದು. 10 ಡಿಬಿ (ಡೆಸಿಬೆಲ್, ಬೆಳಕಿನ ನಷ್ಟ ಅಳೆಯುವ ಮಾನ) ಲಾಸ್ ಆದರೂ, ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಬೆಳಕು ಹೋದರೂ, ಉಳಿದ ಒಂದು ಪಾಲು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಮೋಡೆಮ್‌ಗೆ ಮಾತ್ರ ಅದು ಸಾಲದೆ ಹೋಗಬಹುದು.

ಪೆನ್ ಆರಿಸುವಾಗ

ಹೆಚ್ಚಿನ ಪೆನ್‌ಗಳು 650 ನ್ಯಾನೋಮೀಟರ್ ತರಂಗಾಂತರದವು. 635ರ ಆಸುಪಾಸಿನವೂ ಸಿಗುತ್ತವೆ. ಅಷ್ಟೇ ಶಕ್ತಿಯ ಎರಡು ಪೆನ್ ಅಕ್ಕಪಕ್ಕ ಇಟ್ಟರೆ 635ರದ್ದು ಹತ್ತಿರ ಹತ್ತಿರ ಎರಡು ಪಟ್ಟು ಪ್ರಕಾಶವಾಗಿ ಕಾಣುತ್ತದೆ, ಏಕೆಂದರೆ ಕೆಂಪಿನ ಆ ತುದಿಗೆ ಹೋದಂತೆ ನಮ್ಮ ಕಣ್ಣೇ ಮಂದವಾಗುತ್ತದೆ. ಹಗಲು ಹೊತ್ತು ಹೊರಗೆ ಹೆಚ್ಚು ಕೆಲಸ ಮಾಡುವವರು ಇದನ್ನು ಗಮನಿಸುವುದು ಒಳ್ಳೆಯದು.

ಶಕ್ತಿಯ ವಿಷಯದಲ್ಲಿ ಡಬ್ಬಿಯ ಮೇಲಿನ 'ಇಷ್ಟು ಕಿಲೋಮೀಟರ್' ಎಂಬ ಮಾತನ್ನು ನಂಬಿ ಹೋಗಬೇಡಿ. ಸಿಂಗಲ್ ಮೋಡ್ (ಬೆಳಕು ಒಂದೇ ದಾರಿಯಲ್ಲಿ ಸಾಗುವ ಸಪೂರ ಗಾಜಿನ) ಫೈಬರಿನಲ್ಲಿ ಲೈನಿನಲ್ಲಿ ನಿತ್ಯ ಓಡುವ 1310 ನ್ಯಾನೋಮೀಟರಿನ ಬೆಳಕು ಕಿಲೋಮೀಟರಿಗೆ ಸುಮಾರು 0.35 ಡಿಬಿ ಕಳೆದುಕೊಂಡರೆ, 650ರ ಕೆಂಪು ಬೆಳಕು 6–7 ಡಿಬಿಯಷ್ಟು ಕಳೆದುಕೊಳ್ಳುತ್ತದೆ. ಗಾಜಿನೊಳಗಿನ ಚದುರುವಿಕೆ ತರಂಗಾಂತರ ಕಡಿಮೆಯಾದಂತೆ ನಾಲ್ಕನೇ ಘಾತದಲ್ಲಿ ಏರುವುದೇ ಇದಕ್ಕೆ ಕಾರಣ. ಹಾಗಾಗಿ 10 ಮಿಲಿವ್ಯಾಟ್ ಪೆನ್ ಬಿಟ್ಟು 30ರದ್ದು ತಗೊಂಡರೆ ಮೂರು ಪಟ್ಟು ದೂರ ಸಿಗುವುದಿಲ್ಲ. ಹೆಚ್ಚುವರಿಯಾಗಿ ಸಿಗುವುದು 5 ಡಿಬಿಗಿಂತ ತುಸು ಕಡಿಮೆ, ಅಂದರೆ ಮುಕ್ಕಾಲು ಕಿಲೋಮೀಟರ್. ಅದಕ್ಕೆ ಬದಲಾಗಿ ಕಣ್ಣಿಗಿರುವ ಅಪಾಯ ಮೂರು ಪಟ್ಟು. 1 ಮಿಲಿವ್ಯಾಟಿನದು ಕಟ್ಟಡದೊಳಗಿನ ಕೆಲಸಕ್ಕೆ ಸಾಕು, ಬೀದಿಯ ಕೆಲಸಕ್ಕೆ 5ರಿಂದ 10. ಅದಕ್ಕಿಂತ ಮೇಲಿನದು ಬೇಕೇಬೇಕು ಎನ್ನುವ ಸಂದರ್ಭ ತೀರಾ ಕಡಿಮೆ. ಇನ್ನೊಂದು ಮಾತು: ಪೆನ್ ಮೇಲೆ ಬರೆದಿರುವುದು ಲೇಸರಿನ ಶಕ್ತಿ. 9 ಮೈಕ್ರಾನಿನ ಕೋರ್ (ಬೆಳಕು ಸಾಗುವ ನಡುವಿನ ಗಾಜು) ಒಳಗೆ ನಿಜವಾಗಿ ಇಳಿಯುವುದು ಅದರ ಒಂದು ಭಾಗ ಮಾತ್ರ. ಅಗ್ಗದ ಪೆನ್‌ಗಳಲ್ಲಿ ಈ ಜೋಡಣೆ ಎಷ್ಟು ಸಡಿಲವೆಂದರೆ 10 ಎಂದು ಬರೆದದ್ದು ಒಳ್ಳೆಯ 5ರ ಪೆನ್ನಿಗಿಂತ ಮಂಕಾಗಿರುವುದುಂಟು.

ಪೆನ್ನಿನ ಬಾಯಿ 2.5 ಮಿಲಿಮೀಟರಿನದು. ಎಸ್‌ಸಿ, ಎಫ್‌ಸಿ, ಎಸ್‌ಟಿ ಮೂರೂ ಬಗೆಯ ಕನೆಕ್ಟರ್ ನೇರವಾಗಿ ಕೂರುತ್ತವೆ. ಎಲ್‌ಸಿ ಕನೆಕ್ಟರಿನ ಫೆರುಲ್ (ಫೈಬರ್ ತುದಿಯನ್ನು ಹಿಡಿದಿರುವ ಕಡ್ಡಿ) 1.25 ಮಿಲಿಮೀಟರ್, ಅದಕ್ಕೆ ಪ್ರತ್ಯೇಕ ಅಡಾಪ್ಟರ್ ಬೇಕು. ಅಡಾಪ್ಟರ್ ಇಲ್ಲದೆ ಎಲ್‌ಸಿಯನ್ನು ದೊಡ್ಡ ಬಾಯಿಗೆ ಹಿಡಿದರೆ ಫೆರುಲ್ ಅಲ್ಲಾಡುತ್ತದೆ, ಬೆಳಕು ಕೋರ್ ಬಿಟ್ಟು ಅದರ ಸುತ್ತಲಿನ ಗಾಜಿನ ಪದರವಾದ ಕ್ಲ್ಯಾಡಿಂಗ್‌ಗೆ ಬೀಳುತ್ತದೆ. ಕೈ ಹತ್ತಿರ ಕೆಂಪಗೆ ಹೊಳೆಯುತ್ತದೆ, ಆಚೆ ತುದಿಗೆ ಏನೂ ತಲುಪುವುದಿಲ್ಲ. ಹೀಗೆ ಚೆನ್ನಾಗಿರುವ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಗಿಡ್ಡ ಕೇಬಲ್) ಕಸದ ಬುಟ್ಟಿಗೆ ಹೋಗುತ್ತದೆ.

ಶುರು ಮಾಡುವ ಮುನ್ನ

ಪರೀಕ್ಷಿಸಬೇಕಾದ ಫೈಬರಿನಲ್ಲಿ ಬೇರೆ ಬೆಳಕು ಇದೆಯೇ ಎಂದು ಪವರ್ ಮೀಟರ್ ಹಚ್ಚಿ ನೋಡಿ. 1310, 1490, 1550 ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಕ್ಯಾಮೆರಾ ಹಿಡಿದು 'ಏನೂ ಇಲ್ಲ' ಎಂದು ತೀರ್ಮಾನಿಸುವ ಅಭ್ಯಾಸ ಹಲವರಿಗಿದೆ. ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೋಮೀಟರ್ ದಾಟಿದ ಬೆಳಕಿಗೆ ಕುರುಡು, ಹಾಗಾಗಿ ಆ ಪರೀಕ್ಷೆಗೆ ಅರ್ಥವಿಲ್ಲ.

1 ಮಿಲಿವ್ಯಾಟ್ ತನಕದ ಪೆನ್ ಕ್ಲಾಸ್ 2 ವರ್ಗಕ್ಕೆ ಸೇರುತ್ತದೆ. ಬೆಳಕು ಕಣ್ಣಿಗೆ ಬಿದ್ದರೆ ರೆಪ್ಪೆ ತಾನೇ ಮುಚ್ಚಿಕೊಳ್ಳುವ ಕಾಲು ಸೆಕೆಂಡೇ ಅಲ್ಲಿ ರಕ್ಷಣೆ. 5ರ ತನಕ ಕ್ಲಾಸ್ 3ಆರ್, ಅದರ ಮೇಲಿನದು 3ಬಿ. 3ಬಿ ಪೆನ್ನಿನ ಮುಂದೆ ರೆಪ್ಪೆಯ ವೇಗವನ್ನು ನೆಚ್ಚಿಕೊಳ್ಳುವಂತಿಲ್ಲ. ಆಚೆ ತುದಿಯಲ್ಲಿ ನಿಂತವರು ಕನೆಕ್ಟರನ್ನು ಮುಖಕ್ಕೆ ಹಿಡಿದು ನೋಡಕೂಡದು. ಬಿಳಿ ಕಾಗದ ಅಥವಾ ವಿಸಿಟಿಂಗ್ ಕಾರ್ಡಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಹಿಡಿದು ಕಾಗದದ ಮೇಲಿನ ಚುಕ್ಕೆ ನೋಡಬೇಕು. ಇಬ್ಬರು ಕೆಲಸ ಮಾಡುವಾಗ 'ಆನ್ ಮಾಡ್ತಿದೀನಿ' ಎಂದು ಫೋನಿನಲ್ಲಿ ಹೇಳಿ, ಆಚೆಯವರು 'ಸರಿ' ಎಂದ ಮೇಲೆ ಗುಂಡಿ ಒತ್ತಿ.

ಎರಡೂ ತುದಿಯನ್ನು ಉಪಕರಣಗಳಿಂದ ಬಿಚ್ಚಿ. ಮನೆಯ ತುದಿಯಿಂದ ಬೆಳಕು ಬಿಡುವುದಾದರೆ, ಒಂದು ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್ ಬಾಕ್ಸಿನಲ್ಲಿ ಆ ಮನೆಯ ಎಳೆ ಕೂತಿರುವ ಪೋರ್ಟಿನಿಂದ ಅದನ್ನು ಮೊದಲು ಹೊರತೆಗೆಯಿರಿ. ಅದೇ ಸ್ಪ್ಲಿಟರಿನಲ್ಲಿ ಉಳಿದವರ ಲೈನ್ ನಡೆಯುತ್ತಿರುತ್ತದೆ, ಅದರೊಳಕ್ಕೆ ಲೇಸರ್ ನುಗ್ಗಿಸುವ ಅಗತ್ಯವಿಲ್ಲ. ಪವರ್ ಮೀಟರಿಗೂ ಈ ಪೆನ್ನನ್ನು ನೇರ ಜೋಡಿಸಬೇಡಿ.

ಆಮೇಲೆ ಪೆನ್ನಿನದೇ ಪರೀಕ್ಷೆ. ಚೆನ್ನಾಗಿದೆ ಎಂದು ಗೊತ್ತಿರುವ ಒಂದು ಪ್ಯಾಚ್ ಕಾರ್ಡ್ ಹಾಕಿ, ಇನ್ನೊಂದು ತುದಿಯ ಬೆಳಕನ್ನು ಕಾಗದದ ಮೇಲೆ ಬೀಳಿಸಿ. ಗುಂಡಗಿನ, ಒಂದೇ ಸಮನಾದ ಚುಕ್ಕೆ ಬಂದರೆ ಸರಿ. ಮಂಕಾಗಿದ್ದರೆ ಮೊದಲು ಸೆಲ್ ಬದಲಿಸಿ, ಆಮೇಲೆ ಪೆನ್ನಿನ ಬಾಯನ್ನು 2.5 ಮಿಲಿಮೀಟರಿನ ಕ್ಲೀನರ್ ಕಡ್ಡಿಯಿಂದ ಒರೆಸಿ. ದಿನವೂ ಕೊಳೆ ಕನೆಕ್ಟರ್‌ಗಳನ್ನು ತುರುಕಿಸಿಕೊಳ್ಳುವ ಆ ಬಾಯಿ ಇಡೀ ಕಿಟ್ಟಿನಲ್ಲೇ ಅತಿ ಕೊಳಕು ಜಾಗ. ಅಲ್ಲಿನ ಕೊಳೆ ಗ್ರಾಹಕರ ಕನೆಕ್ಟರಿಗೂ ಅಂಟುತ್ತದೆ. ಆದ್ದರಿಂದ ಪೆನ್ ಹಾಕಿ ತೆಗೆದ ಪ್ರತಿ ಕನೆಕ್ಟರನ್ನೂ ಮತ್ತೆ ಸೇರಿಸುವ ಮುನ್ನ ಒರೆಸಲೇಬೇಕು.

ಹುಡುಕುವ ಕ್ರಮ

ಪೆನ್ನಿಗೆ ಎರಡು ಮೋಡ್ ಇರುತ್ತವೆ: ಸತತವಾಗಿ ಉರಿಯುವುದು, ಸೆಕೆಂಡಿಗೆ ಒಂದೆರಡು ಬಾರಿ ಮಿನುಗುವುದು. ಜಾಗ ಹುಡುಕಲು ಮಿನುಗು ಮೋಡ್ ಒಳ್ಳೆಯದು. ಸುತ್ತ ಬೆಳಕಿದ್ದರೂ ಮಿಟುಕುವ ಚುಕ್ಕೆಯನ್ನು ಕಣ್ಣು ಬೇಗ ಹಿಡಿಯುತ್ತದೆ. ಜಾಯಿಂಟಿನಲ್ಲಿ ಸೋರಿಕೆ ಹೆಚ್ಚೋ ಕಡಿಮೆಯೋ ಎಂದು ಹೋಲಿಸುವಾಗ ಸತತ ಮೋಡ್ ಬೇಕು.

ಕನೆಕ್ಟರ್ ಒರೆಸಿ ಪೆನ್ನಿಗೆ ಕೂರಿಸಿ, ಮೊದಲು ಆಚೆ ತುದಿ ನೋಡಿ. ಬೆಳಕು ಬಂದರೆ ಫೈಬರ್ ತುಂಡಾಗಿಲ್ಲ ಎಂದಾಯಿತು, ದೋಷ ಲಾಸಿನದ್ದು. ಬರದಿದ್ದರೆ ಈಚೆಯಿಂದ ಒಂದೊಂದೇ ತೆರೆದ ಜಾಗವನ್ನು ನೋಡುತ್ತಾ ಹೋಗಿ: ಗೋಡೆಯ ರೋಸೆಟ್ ಬಾಕ್ಸ್, ಕೇಬಲ್ ಕೋಣೆಗೆ ನುಗ್ಗುವ ತೂತು, ಮಹಡಿಯ ಬಾಕ್ಸ್, ಕಂಬದ ಮೇಲಿನ ಬಾಕ್ಸ್. ಬೆಳಕು ಕಾಣುವ ಕೊನೆಯ ಜಾಗಕ್ಕೂ ಕಾಣದ ಮೊದಲ ಜಾಗಕ್ಕೂ ನಡುವೆ ದೋಷವಿದೆ. ಉದ್ದದ ಲೈನಾದರೆ ಸರದಿಯಂತೆ ಹೋಗುವ ಬದಲು ನಡುವಿನ ಬಾಕ್ಸನ್ನೇ ಮೊದಲು ತೆರೆದರೆ ಅರ್ಧ ಓಡಾಟ ಉಳಿಯುತ್ತದೆ.

ಪೆನ್ನಿಗೆ ಹತ್ತಿರದ ಬೂಟ್ (ಕನೆಕ್ಟರಿನ ಹಿಂದಿನ ಮೆತ್ತನೆಯ ಕವಚ) ಮತ್ತು ಮೊದಲ ಒಂದಿಷ್ಟು ಉದ್ದದ ಕಾರ್ಡ್ ಯಾವಾಗಲೂ ಹೊಳೆಯುತ್ತದೆ. ಕೋರ್‌ಗೆ ಇಳಿಯದೆ ಕ್ಲ್ಯಾಡಿಂಗ್‌ನಲ್ಲಿ ಹೋದ ಬೆಳಕು ಅಲ್ಲೇ ಸೋರಿಹೋಗುವುದರಿಂದ ಹಾಗೆ ಕಾಣುತ್ತದೆ. ಅದು ದೋಷವಲ್ಲ. ಪರೀಕ್ಷಿಸಬೇಕಾದದ್ದು ಆ ಕಾರ್ಡೇ ಆಗಿದ್ದರೆ ತಿರುಗಿಸಿ ಇನ್ನೊಂದು ತುದಿಯಿಂದಲೂ ಬೆಳಕು ಬಿಟ್ಟು ನೋಡಿ. ಎರಡೂ ಸಲ ಒಂದೇ ಜಾಗದಲ್ಲಿ ಹೊಳೆದರೆ ಅಲ್ಲಿಯೇ ಪೆಟ್ಟಾಗಿದೆ. ಉದ್ದ ಲೈನಿಗೂ ಇದೇ ಉಪಾಯ. ಎರಡು ತುದಿಯಿಂದ ಬಿಟ್ಟ ಬೆಳಕು ಎರಡು ಬೇರೆ ಜಾಗದಲ್ಲಿ ನಿಂತರೆ ಕಟ್ ಎರಡಿವೆ, ಒಂದನ್ನು ಸರಿಮಾಡಿ ಬಂದರೆ ಮರುದಿನ ಮತ್ತೆ ಕರೆ ಬರುತ್ತದೆ.

ಎಲ್ಲೆಲ್ಲಿ ಕಣ್ಣಿಡಬೇಕು? ಕನೆಕ್ಟರಿನ ಕುತ್ತಿಗೆಯಲ್ಲಿ, ಬೂಟ್ ಮುಗಿದು ಕೇಬಲ್ ಶುರುವಾಗುವಲ್ಲಿ. ಮೋಡೆಮ್ ಗೋಡೆಗೆ ಒತ್ತಿ ಇಟ್ಟಿದ್ದರೆ ಮುರಿಯುವುದು ಅಲ್ಲೇ. ಒಳಾಂಗಣ ಕೇಬಲಿಗೆ ಹೊಡೆದ ಕ್ಲಿಪ್‌ಗಳ ಅಡಿಯಲ್ಲಿ, ಬಾಗಿಲ ಸಂದಿಯಲ್ಲಿ, ಗೋಡೆ ಮೂಲೆಯ ತಿರುವಿನಲ್ಲಿ, ಬಿಗಿಯಾಗಿ ಎಳೆದ ಕೇಬಲ್ ಟೈ ಇರುವಲ್ಲಿ, ಇಲಿ ಕಡಿದ ಗುರುತಿದ್ದಲ್ಲಿ. ಹಳದಿ ಅಥವಾ ಬಿಳಿ ಹೊದಿಕೆಯ 2–3 ಮಿಲಿಮೀಟರ್ ಕಾರ್ಡಿನಲ್ಲಿ ಕೆಂಪು ಚೆನ್ನಾಗಿ ಹೊರಸೂಸುತ್ತದೆ. ಕಪ್ಪು ಡ್ರಾಪ್ ಕೇಬಲ್, ಆರ್ಮರ್ಡ್ ಕೇಬಲಿನಲ್ಲಿ ಒಳಗೆ ಮುರಿದಿದ್ದರೂ ಹೊರಗೆ ಏನೂ ಕಾಣದು. ನೆಲದಡಿಯ ಕೇಬಲಿಗಂತೂ ಪೆನ್ ಹಿಡಿದು ಅಲೆಯುವುದು ವ್ಯರ್ಥ, ಅದು ಒಟಿಡಿಆರ್ ಕೆಲಸ.

ಹಗಲು ಹೊರಗಡೆ ಬಾಕ್ಸ್ ನೋಡುವಾಗ ದಪ್ಪ ಬಟ್ಟೆಯನ್ನೋ ಜಾಕೆಟ್ಟನ್ನೋ ತಲೆ ಮತ್ತು ಬಾಕ್ಸ್ ಎರಡನ್ನೂ ಸೇರಿಸಿ ಮುಚ್ಚಿಕೊಂಡು ಅರ್ಧ ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಡಿ. ಆಗ ಕಾಣುವ ಸೋರಿಕೆ ಬಿಸಿಲಲ್ಲಿ ಎಷ್ಟು ಬಗ್ಗಿ ನೋಡಿದರೂ ಕಾಣುವುದಿಲ್ಲ.

ಸ್ಪ್ಲೈಸ್ ಟ್ರೇ ಒಳಗೆ

ಪೆನ್ನಿನ ನಿಜವಾದ ಉಪಯೋಗ ಇಲ್ಲಿ, ಅಂದರೆ ಬೆಸೆದು ಜೋಡಿಸಿದ (ಸ್ಪ್ಲೈಸ್ ಮಾಡಿದ) ಫೈಬರ್ ಎಳೆಗಳನ್ನು ಸುತ್ತಿಡುವ ತಟ್ಟೆಯಲ್ಲಿದೆ. ಮುಚ್ಚಳ ತೆಗೆಯುವ ಮೊದಲೇ ಬೆಳಕು ಬಿಟ್ಟಿರಿ. ಮುಚ್ಚಳವೇ ಫೈಬರನ್ನು ಚಿವುಟಿ ಹಿಡಿದಿದ್ದರೆ, ತೆಗೆದ ಕ್ಷಣ ಚುಕ್ಕೆ ಮಾಯವಾಗಿ ಲೈನ್ ತಾನೇ ಸರಿಹೋಗುತ್ತದೆ. ಪುನಃ ಮುಚ್ಚಿದಾಗ ಮತ್ತೆ ಹೋಗುತ್ತದೆ. ಹಾಗಾಗಿ ಮುಚ್ಚಳದ ಅಂಚಿನ ಸುತ್ತ, ಟ್ರೇಯೊಳಗೆ ಫೈಬರ್ ಬರುವ ಬಾಯಲ್ಲಿ ಮೊದಲು ನೋಡಿ, ನಂತರ ತೆರೆಯಿರಿ.

ತೆರೆದ ಮೇಲೆ ಸುರುಳಿಗಳನ್ನು ಗಮನಿಸಿ. ಸಾಮಾನ್ಯ ಜಿ.652.ಡಿ ಫೈಬರಿನ ಸುರುಳಿ 60 ಮಿಲಿಮೀಟರ್ ವ್ಯಾಸಕ್ಕಿಂತ (30ರ ತ್ರಿಜ್ಯಕ್ಕಿಂತ) ಚಿಕ್ಕದಾಗಬಾರದು. ಬಾಗನ್ನು ಹೆಚ್ಚು ತಾಳುವ ಜಿ.657.ಎ1ಗೆ 10, ಎ2ಗೆ 7.5 ಮಿಲಿಮೀಟರ್ ತ್ರಿಜ್ಯದವರೆಗೆ ತಡೆಯುವ ಶಕ್ತಿಯಿದೆ. ಆದರೆ ಹಳೆಯ ಬಾಕ್ಸುಗಳಲ್ಲಿ ಎರಡೂ ಬಗೆ ಬೆರೆತಿರುವುದರಿಂದ 60ರ ಲೆಕ್ಕವನ್ನೇ ಇಟ್ಟುಕೊಳ್ಳುವುದು ಕ್ಷೇಮ. ಟ್ರೇಯ ಹಲ್ಲಿನಿಂದ ಜಾರಿ ಹೊರಬಂದ ಎಳೆ, ಒಂದರ ಮೇಲೊಂದು ಅಡ್ಡ ಬಿದ್ದು ಒತ್ತಿದ ಎಳೆ, ಜಾಯಿಂಟನ್ನು ಕಾಯುವ ಸ್ಲೀವಿನ ಬಾಯಲ್ಲಿ ಚೂಪಾಗಿ ಮುರಿದುಕೊಂಡಂತೆ ಬಾಗಿದ ಎಳೆ, ಇವೆಲ್ಲ ಕೆಂಪು ಚುಕ್ಕೆಯಾಗಿ ಕಾಣುತ್ತವೆ. ಚುಕ್ಕೆ ಕಂಡಲ್ಲಿ ಬೆರಳಿನಿಂದ ನಯವಾಗಿ ಎಳೆಯನ್ನು ಸಡಿಲಿಸಿ. ಹೊಳಪು ಆರಿದರೆ ಅದು ಬರೀ ಬಾಗು, ಮರುಜೋಡಣೆ ಸಾಕು. ಸಡಿಲಿಸಿದರೂ ಆರದಿದ್ದರೆ ಗಾಜು ಬಿರುಕು ಬಿಟ್ಟಿದೆ, ಕತ್ತರಿಸಿ ಹೊಸದಾಗಿ ಸ್ಪ್ಲೈಸ್ ಮಾಡಬೇಕು.

ಫ್ಯೂಷನ್ ಸ್ಪ್ಲೈಸ್ ಚೆನ್ನಾಗಿ ಆಗಿದ್ದರೆ ಲಾಸ್ 0.02ರಿಂದ 0.05 ಡಿಬಿ ಮಾತ್ರ, ಪಾರದರ್ಶಕ ಸ್ಲೀವಿನೊಳಗೆ ಬೆಳಕು ಕಾಣುವುದಿಲ್ಲ ಅಥವಾ ಮಸುಕಾಗಿ ಕಾಣುತ್ತದೆ. ಸ್ಲೀವ್ ಕೆಂಪು ಕಡ್ಡಿಯಂತೆ ಹೊತ್ತಿಕೊಂಡರೆ ಜೋಡಣೆ ಕೆಟ್ಟಿದೆ. ಎಳೆಗಳ ಬಣ್ಣವೂ ಕಣ್ಣನ್ನು ಮೋಸಗೊಳಿಸುತ್ತದೆ: ಬಿಳಿ, ಹಳದಿ ಎಳೆಗಳಲ್ಲಿ ಸಣ್ಣ ಸೋರಿಕೆಯೂ ಎದ್ದು ಕಾಣುತ್ತದೆ, ಕಪ್ಪು, ನೀಲಿ, ಹಸಿರು ಬಣ್ಣ ಕೆಂಪನ್ನು ನುಂಗಿಬಿಡುತ್ತವೆ. ಬಿಳಿ ಎಳೆ ಹೊಳೆಯುತ್ತಿದೆ, ನೀಲಿಯದು ಹೊಳೆಯುತ್ತಿಲ್ಲ ಎಂದು ಬಿಳಿಯದ್ದೇ ಹಾಳಾಗಿದೆ ಎಂದುಕೊಳ್ಳಬೇಡಿ.

ಫಾಸ್ಟ್ ಕನೆಕ್ಟರ್ ಕೂರಿಸುವಾಗ

ಸ್ಥಳದಲ್ಲೇ ಕಟ್ಟುವ ಫಾಸ್ಟ್ ಕನೆಕ್ಟರಿಗೆ ಈ ಪೆನ್ ಜೊತೆಗಿರಬೇಕು. ಅದರೊಳಗೆ ಕಾರ್ಖಾನೆಯಲ್ಲೇ ಹಾಕಿದ ತುಂಡು ಫೈಬರ್ ಇರುತ್ತದೆ, ನೀವು ಕ್ಲೀವ್ ಮಾಡಿದ (ತುದಿಯನ್ನು ನೇರವಾಗಿ ಕತ್ತರಿಸಿದ) ಎಳೆ ಜೆಲ್ ನಡುವೆ ಅದಕ್ಕೆ ಮುಟ್ಟಬೇಕು. ಕನೆಕ್ಟರಿನ ಮುಂಭಾಗವನ್ನು ಪೆನ್ನಿಗೆ ಸೇರಿಸಿ ಸತತ ಮೋಡ್ ಹಾಕಿ. ಎಳೆ ಒಳಗಿಲ್ಲದಿದ್ದಾಗ ಕನೆಕ್ಟರಿನ ಮೈ ಪೂರ್ತಿ ಕೆಂಪಾಗಿ ಹೊಳೆಯುತ್ತದೆ. ಎಳೆಯನ್ನು ನಿಧಾನವಾಗಿ ತಳ್ಳುತ್ತಾ ಬನ್ನಿ. ಎರಡು ತುದಿ ಮುಟ್ಟಿದ ಗಳಿಗೆಯಲ್ಲಿ ಹೊಳಪು ಥಟ್ಟನೆ ಇಳಿಯುತ್ತದೆ, ಎಳೆ ಸಣ್ಣಗೆ ಕಮಾನಿನಂತೆ ಬಾಗುತ್ತದೆ. ಆ ಬಾಗು ಹಾಗೇ ಇರುವಂತೆ ಹಿಡಿದು ಲಾಕ್ ಒತ್ತಿ. ಬಾಗು ಬಿಟ್ಟು ಲಾಕ್ ಮಾಡಿದರೆ ತುದಿಗಳು ಕೂದಲೆಳೆಯಷ್ಟು ದೂರ ಸರಿದು ಲಾಸ್ ಏರುತ್ತದೆ.

ಲಾಕ್ ಆದ ಮೇಲೂ ಅಲ್ಪಸ್ವಲ್ಪ ಹೊಳಪು ಉಳಿಯುವುದು ಸಹಜ. ಮೊದಲಿನಷ್ಟೇ ಹೊಳೆಯುತ್ತಿದ್ದರೆ ಲಾಕ್ ಬಿಚ್ಚಿ, ಎಳೆಯನ್ನು ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಕೂರಿಸಿ. ಆಗಲೂ ಇಳಿಯದಿದ್ದರೆ ಕ್ಲೀವ್ ಓರೆಯಾಗಿದೆ, ಹೊಸದಾಗಿ ಕತ್ತರಿಸಿ. ಅದೇ ಎಳೆಯನ್ನು ಮತ್ತೆ ಮತ್ತೆ ತುರುಕಿದರೆ ಗಾಜಿನ ಚೂರು ಜೆಲ್ಲಿನಲ್ಲಿ ಸೇರಿ ಕನೆಕ್ಟರೇ ಹಾಳು.

ಪೆನ್ ದಾರಿ ತಪ್ಪಿಸುವ ಸಂದರ್ಭಗಳು

ಲೈನ್ ಸರಿಯಿದ್ದೂ ಬೆಳಕು ಕಾಣದಿರಬಹುದು. ಸ್ಪ್ಲಿಟರ್ ಇದ್ದರೆ ಅದೇ ಕಾರಣ. 1:32 ಸ್ಪ್ಲಿಟರಿನ ಲಾಸ್ ಅದರ ಕೆಲಸದ ತರಂಗಾಂತರಗಳಲ್ಲೇ ಸುಮಾರು 17 ಡಿಬಿ. ಸ್ಪ್ಲಿಟರ್ ತಯಾರಾಗಿರುವುದು 1260ರಿಂದ 1650ರ ನಡುವಿನ ಬೆಳಕಿಗೆ, ಕೆಂಪು ಬೆಳಕು ಅದರಲ್ಲಿ ಅಡ್ಡಾದಿಡ್ಡಿ ಹಂಚಿಹೋಗುತ್ತದೆ. ಒಂದು ಪೋರ್ಟಿನಲ್ಲಿ ಹೊಳೆದು ಇನ್ನೊಂದರಲ್ಲಿ ಕಾಣದಿದ್ದರೆ ಸ್ಪ್ಲಿಟರ್ ಕೆಟ್ಟಿದೆ ಎಂದಲ್ಲ. ಸ್ಪ್ಲಿಟರಿನ ಈಚೆ ಒಂದು ಪರೀಕ್ಷೆ, ಆಚೆ ಇನ್ನೊಂದು ಎಂದು ಬೇರೆಬೇರೆ ಮಾಡಿ. ತರಂಗಾಂತರಗಳನ್ನು ಬೇರ್ಪಡಿಸುವ ಡಬ್ಲ್ಯೂಡಿಎಂ ಫಿಲ್ಟರ್ ಇದ್ದಾಗಲೂ ಹೀಗೇ.

ಇದಕ್ಕೆ ತಿರುಗಾಮುರುಗ ಇನ್ನೊಂದು. ಕೆಂಪು ಬೆಳಕು ಝಗ್ಗನೆ ಬರುತ್ತದೆ, ಲೈನ್ ಮಾತ್ರ ಏಳುವುದಿಲ್ಲ. ಮೊದಲ ಅನುಮಾನ ಬಾಗಿನ ಮೇಲೆ ಇರಲಿ. 1550ರ ಬೆಳಕು ಬಾಗಿಗೆ ಬಹಳ ಸೂಕ್ಷ್ಮ, 650ರದ್ದು ಅಷ್ಟಲ್ಲ. ಅದು ಕೋರಿಗೆ ಬಿಗಿಯಾಗಿ ಅಂಟಿಕೊಂಡು ಸಾಗುತ್ತದೆ. ಆದ್ದರಿಂದ 1550ರಲ್ಲಿ ಹಲವು ಡಿಬಿ ತಿನ್ನುವ ಬಾಗನ್ನು ಪೆನ್ ತೋರಿಸದೆಯೇ ಹೋಗಬಹುದು. ಲೈಟ್ ಸೋರ್ಸ್ ಮತ್ತು ಪವರ್ ಮೀಟರ್ ಇಟ್ಟು 1310, 1550 ಎರಡರಲ್ಲೂ ಲಾಸ್ ಅಳೆಯಿರಿ. ಆರೋಗ್ಯವಂತ ಲೈನಿನಲ್ಲಿ 1550ರ ಲಾಸ್ 1310ಕ್ಕಿಂತ ಕಡಿಮೆ ಇರಬೇಕು. ಅದೇ ಹೆಚ್ಚಿದ್ದರೆ ಎಲ್ಲೋ ಬಾಗಿದೆ. ಎರಡೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಕೊಳೆ ಅಥವಾ ಕೆಟ್ಟ ಕನೆಕ್ಟರ್.

ಕೊಳೆಯೂ ಪೆನ್ನಿಗೆ ಕಾಣುವುದಿಲ್ಲ. 9 ಮೈಕ್ರಾನ್ ಕೋರ್ ಮೇಲೆ ಕೂತ ಒಂದು ಧೂಳಿನ ಕಣಕ್ಕೆ ಇನ್‌ಸ್ಪೆಕ್ಷನ್ ಸ್ಕೋಪ್ ಬೇಕು. ಹಸಿರು ಎಪಿಸಿ ಕನೆಕ್ಟರ್ ನೀಲಿ ಯುಪಿಸಿ ಅಡಾಪ್ಟರಿಗೆ ಬಿದ್ದಿದ್ದರೂ ಅಷ್ಟೇ: ಎಪಿಸಿಯ 8 ಡಿಗ್ರಿ ಓರೆಯ ಮುಖ ಯುಪಿಸಿಯ ಚಪ್ಪಟೆ ಮುಖಕ್ಕೆ ಸರಿಯಾಗಿ ಮುಟ್ಟದೆ ಲಾಸ್ ಏರುತ್ತದೆ, ಕೆಂಪು ಬೆಳಕು ಆ ಸಂದಿಯನ್ನು ದಾಟಿ ಹೋಗಿಬಿಡುತ್ತದೆ. ಮಲ್ಟಿಮೋಡ್ ಕಾರ್ಡನ್ನು ಸಿಂಗಲ್ ಮೋಡ್ ಲೈನಿಗೆ ಸೇರಿಸಿದಾಗಲೂ ಇದೇ ಕಥೆ. ಮಲ್ಟಿಮೋಡ್ ಕೋರಿನ 50 ಮೈಕ್ರಾನಿನಿಂದ ಸಿಂಗಲ್ ಮೋಡಿನ 9ಕ್ಕೆ ಇಳಿಯುವಾಗ ಬೆಳಕಿನ ಬಹುಪಾಲು ನಷ್ಟ. ಕಾರ್ಡಿನ ಬಣ್ಣ ನೋಡಿದರೆ ತಿಳಿಯುವುದನ್ನು ಲೇಸರ್ ಬಿಟ್ಟು ತಿಳಿಯಲಾಗದು: ಸಿಂಗಲ್ ಮೋಡ್ ಸಾಮಾನ್ಯವಾಗಿ ಹಳದಿ, ಮಲ್ಟಿಮೋಡ್ ಕಿತ್ತಳೆ ಅಥವಾ ಆಕ್ವಾ.

ಜೋಡಿ ಎಳೆಯ ಲಿಂಕಿನಲ್ಲಿ ಟಿಎಕ್ಸ್‌ಗೆ (ಬೆಳಕು ಕಳುಹಿಸುವ ಕಿಂಡಿಗೆ) ಟಿಎಕ್ಸ್ ಸೇರಿದೆಯೇ ಎನ್ನುವುದನ್ನು ಮಾತ್ರ ಪೆನ್ ಒಂದೇ ನಿಮಿಷದಲ್ಲಿ ಹೇಳುತ್ತದೆ. ಈ ತುದಿಯಲ್ಲಿ ಟಿಎಕ್ಸ್‌ಗೆ ಹೋಗುವ ಎಳೆಗೆ ಬೆಳಕು ಬಿಡಿ, ಆಚೆ ಅದು ಸ್ವೀಕರಿಸುವ ಕಿಂಡಿಯಾದ ಆರ್‌ಎಕ್ಸ್‌ನಲ್ಲಿ ಕಾಣಬೇಕು. 12 ಅಥವಾ 24 ಎಳೆಯ ಕೇಬಲಿನಲ್ಲಿ ಎಳೆ ಗುರುತಿಸಲೂ ಇದೇ ದಾರಿ. ಬಣ್ಣದ ಸರದಿ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ಆಕ್ವಾ ಎಂದಿದ್ದರೂ, ನಡುವೆ ಯಾರೋ ಜಾಯಿಂಟಿನಲ್ಲಿ ಅದಲುಬದಲು ಮಾಡಿರುವುದು ಬೆಳಕು ಬಿಟ್ಟಾಗಲೇ ಹೊರಬೀಳುವುದು.

ದುರಸ್ತಿಯಾದ ಮೇಲೆ

ಪೆನ್ ತೆಗೆದು, ಎರಡೂ ಕನೆಕ್ಟರ್ ಒರೆಸಿ, ಲೈನ್ ಸೇರಿಸಿ ಪವರ್ ಮೀಟರಿನಲ್ಲಿ ಅಳೆಯಿರಿ. ಜಿಪಾನ್ (ಒಂದು ಫೈಬರನ್ನು ಸ್ಪ್ಲಿಟರ್ ಮೂಲಕ ಹಲವು ಮನೆಗೆ ಹಂಚುವ ವ್ಯವಸ್ಥೆ) ಲೈನಾದರೆ ಮೀಟರನ್ನು 1490ಕ್ಕೆ ಇಡಿ. ಬಿ+ ದರ್ಜೆಯಲ್ಲಿ ಮನೆಯ ಮೋಡೆಮ್ ಸ್ವೀಕರಿಸುವ ಮಿತಿ −8ರಿಂದ −27 ಡಿಬಿಎಂ (1 ಮಿಲಿವ್ಯಾಟನ್ನು ಸೊನ್ನೆಯಾಗಿಟ್ಟ ಡಿಬಿ ಅಳತೆ). −26 ಬಂದರೆ ದೀಪ ಹಸಿರಾಗುತ್ತದೆ, ಆದರೆ ಕನೆಕ್ಟರಿಗೆ ತುಸು ಧೂಳು ಬಿದ್ದರೂ ಮತ್ತೆ ಕೆಂಪಾಗುತ್ತದೆ. ಕನಿಷ್ಠ 3 ಡಿಬಿ ಕೈಯಲ್ಲಿಟ್ಟುಕೊಂಡು −24ಕ್ಕಿಂತ ಮೇಲೆ ತರುವ ತನಕ ಬಾಕ್ಸ್ ಮುಚ್ಚಬೇಡಿ. ಮುಚ್ಚಳ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಚಿವುಟಿಕೊಳ್ಳುವುದು ಆಗಲೇ.

ಪೆನ್ನಿನ ಬಾಯಿಗೆ ಟೋಪಿ ಹಾಕಿಡಿ. ಒಳಗಿನ ಸೆರಾಮಿಕ್ ಸ್ಲೀವ್ ತೆಳುವಾದದ್ದು, ಕನೆಕ್ಟರನ್ನು ಓರೆಯಾಗಿ ತುರುಕಿದರೆ ಸೀಳುತ್ತದೆ. ಆಮೇಲೆ ಕನೆಕ್ಟರ್ ಮುಟ್ಟಿದಾಗೆಲ್ಲ ಬೆಳಕು ಹೆಚ್ಚುಕಡಿಮೆಯಾಗತೊಡಗುತ್ತದೆ. ವಾರಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ.